ಸುಳಿಯ ಮೇಲೆ ಎಳೆದ ಗೆರೆ

ಗೆರೆ ಎರಡು ಬೆರಳು ಮೇಲಕ್ಕೆ ಬಂದಿದೆ. ಮರ ಬದುಕಿದೆ. ನನ್ನ ಮೊಮ್ಮಗಳು ರೂಪಾಳ ಕೆಲಸವೂ ಉಳಿದಿದೆ.

ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ದಾವಣಗೆರೆಯಿಂದ ಅವಳ ಫೋನು ಬಂದಾಗ ನಾನು ಹರಿಹರದ ನಮ್ಮ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಬೂದಿ ಕೈಯಲ್ಲೇ ಫೋನು ಹಿಡಿದೆ. "ಅಜ್ಜೀ, ಗೆರೆ ಮ್ಯಾಲೆ ಬಂದೈತೆ, ಎರಡು ಬೆರಳು" ಅಂದಳು. ಆಮೇಲೆ ಇಬ್ಬರೂ ಮೂಗು ಎಳೆದುಕೊಳ್ಳುತ್ತಾ ಫೋನು ಹಿಡಿದುಕೊಂಡಿದ್ದೆವು.

ಪಾತ್ರೆ ಅಲ್ಲೇ ಬಿಟ್ಟು ಬೀದಿಗೆ ಓಡಿದೆ. ಓಡಿದೆ ಅಂದರೆ ನನ್ನ ಮಂಡಿಗೆ ಎಷ್ಟು ಸಾಧ್ಯವೋ ಅಷ್ಟು. ಮೊದಲು ಸಿಕ್ಕಿದವನು ಸೊಪ್ಪಿನ ಗಾಡಿಯವನು. ಅವನಿಗೆ ಹೇಳಿದೆ. ಯಾರ ಮದುವೆ ಗೊತ್ತಾಯಿತು ಅಂತ ಕೇಳಿದ. ಮದುವೆ ಅಲ್ಲಪ್ಪ, ಸುಳಿ ಏರಿದೆ ಅಂದೆ. ಅವನು ನನ್ನ ಮುಖ ನೋಡಿದ, ಒಂದು ಕಟ್ಟು ಮೆಂತ್ಯ ಹೆಚ್ಚಿಗೆ ಕೊಟ್ಟ, ಗಾಡಿ ತಳ್ಳಿಕೊಂಡು ಬೇಗ ಬೇಗ ಹೋದ. ಎದುರು ಮನೆಯವರು ಸಕ್ಕರೆ ಹಂಚುತ್ತೀಯಾ ಅಂತ ಕೇಳಿದರು. ಹಂಚಿದೆ. ತಿಂದ ಮೇಲೂ ಅವರಿಗೆ ವಿಷಯ ಅರ್ಥವಾಗಲಿಲ್ಲ. ಮಗ ಪಾಸಾದರೆ ಊರಿಗೆಲ್ಲ ಪೇಡ ಕೊಡುವ ಜನ ಒಂದು ಗರಿ ಎರಡು ಬೆರಳು ಬೆಳೆದರೆ ಕುಣಿಯುವ ಮುದುಕಿಗೆ ತಲೆ ಸರಿಯಿಲ್ಲ ಅನ್ನುತ್ತಾರೆ. ಅನ್ನಲಿ.

ರೂಪಾಳ ಜೊತೆ ತೋಟಗಾರಿಕೆ ಓದಿದ ಹುಡುಗ ಹುಡುಗಿಯರು ನಮ್ಮ ಮನೆಗೆ ಬಂದಾಗಲೆಲ್ಲ, ಅಜ್ಜಿ ನಿಮ್ಮ ಕಾಲದ್ದು ಬರೆದಿಡಿ ಅನ್ನುತ್ತಿದ್ದರು. ನಾನು ನಾಲ್ಕನೇ ಕ್ಲಾಸು. ಬರೆದರೆ ಏನು ಬರೆಯಲಿ ಅಂತ ಇಷ್ಟು ದಿನ ಸುಮ್ಮನಿದ್ದೆ. ಇವತ್ತು ಸುಮ್ಮನಿರಲು ಆಗುತ್ತಿಲ್ಲ. ಮನೆ ಮುಂದಿನ ಪಾಮ್ ಗಿಡ ಸಾಕುವ ಕೆಲಸಕ್ಕೆ ಹೊಸದಾಗಿ ಬರುವವರೇ, ಇದು ನಿಮಗೆ.

ಮೊದಲು ಗೆರೆಯ ವಿಷಯ. ತೆಂಗು, ಅಡಿಕೆ, ತಾಳೆ, ಈಚಲು, ಈಗ ಬಡಾವಣೆಗಳಲ್ಲಿ ಗೇಟಿಗೊಂದು ನಿಲ್ಲುವ ಪಾಮ್, ಎಲ್ಲವೂ ಒಂದೇ ಕುಲ. ಬೇವಿನ ಮರಕ್ಕೆ ಕೊಂಬೆಗೊಂದು ಚಿಗುರು. ಈ ಕುಲಕ್ಕೆ ನೆತ್ತಿಯಲ್ಲಿ ಒಂದೇ ಸುಳಿ. ಹೊಸ ಗರಿ ಮಡಚಿಕೊಂಡು ಈಟಿಯ ಹಾಗೆ ನಡುವೆ ನೆಟ್ಟಗೆ ನಿಂತಿರುತ್ತದಲ್ಲ, ಅದೇ ಸುಳಿ. ಅದು ಏರುತ್ತಿದ್ದರೆ ಮರ ಉಂಟು, ನಿಂತುಬಿಟ್ಟರೆ ಇಲ್ಲ. ಏರುತ್ತಿದೆಯೋ ಇಲ್ಲವೋ ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೇ ರೂಪಾ ಕಾರ ಹುಣ್ಣಿಮೆಯ ಮಾರನೇ ದಿನ ಏಣಿ ಹತ್ತಿ, ಸುಳಿಗೂ ಅದರ ಪಕ್ಕದ ಹಳೇ ಗರಿಯ ದಂಟಿಗೂ ಸೇರಿಸಿ ಒಂದೇ ನೇರಕ್ಕೆ ಕಪ್ಪು ಪೆನ್ನಿನಲ್ಲಿ ಅಡ್ಡ ಗೆರೆ ಎಳೆದಿದ್ದಳು. ಹಳೇ ದಂಟು ಇದ್ದಲ್ಲೇ ಇರುತ್ತದೆ. ಸುಳಿ ಬೆಳೆದರೆ ಅದರ ಮೇಲಿನ ಗೆರೆ ಮೇಲಕ್ಕೆ ಹೋಗುತ್ತದೆ. ಇದನ್ನು ನಾನು ಅವಳಿಗೆ ಕಲಿಸಿದ್ದಲ್ಲ. ಅವಳೇ ಓದಿ ಕಲಿತದ್ದು. ನಾನು ಕಲಿಸಿದ್ದರ ಕಥೆ ಮುಂದೆ ಬರುತ್ತದೆ, ನಗಬೇಡಿ.

ನಾನು ಕೆಲಸ ಶುರು ಮಾಡಿದ್ದು ಹರಿಹರದಲ್ಲಿ, ನದಿ ದಂಡೆಯ ಒಂದು ನರ್ಸರಿಯಲ್ಲಿ. ಮಾಯಕೊಂಡದಿಂದ ಮದುವೆಯಾಗಿ ಬಂದು ಆಗ ಎರಡು ವರ್ಷ. ಅಲ್ಲಿ ಬಸಪ್ಪ ಅಂತ ಒಬ್ಬ ಮೇಸ್ತ್ರಿ. ಕಿವಿಯ ಸಂದಿಯಲ್ಲಿ ಸದಾ ಒಂದು ಬೀಡಿ. ಹೆಸರು ಗೊತ್ತಿಲ್ಲದ ಗಿಡ ಅವನ ಹತ್ತಿರ ಇರಲೇ ಇಲ್ಲ, ಯಾಕೆಂದರೆ ಗೊತ್ತಿಲ್ಲದ್ದಕ್ಕೆಲ್ಲ ಸಿಂಗಾಪುರದ್ದು ಅನ್ನುತ್ತಿದ್ದ. ದಾರಿ ಬದಿಯ ಕಳೆಯೂ ಅವನ ಕೈಯಲ್ಲಿ ಕುಂಡಕ್ಕೆ ಬಿದ್ದರೆ ಸಿಂಗಾಪುರದ್ದೇ. ಕೊಂಡವರು ಅದನ್ನು ನಡುಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಆದರೆ ಒಂದು ಹೇಳಲೇಬೇಕು, ಬೇರು ನೋಡಿ ಗಿಡದ ಕಾಯಿಲೆ ಹೇಳುವ ಕಣ್ಣು ಅವನಿಗಿತ್ತು. ಬಾಯಿ ಮಾತ್ರ ಕಣ್ಣಿನ ಮಾತು ಕೇಳುತ್ತಿರಲಿಲ್ಲ.

ಅವನು ನನ್ನನ್ನು ಮೊದಲ ಸಲ ಒಬ್ಬಳೇ ಕಳಿಸಿದ್ದು ಊರಿನ ಒಬ್ಬ ಮೇಷ್ಟ್ರ ಮನೆಗೆ. ಹೊಟ್ಟೆ ಉಬ್ಬಿದ ಬಾಟಲಿಯ ಹಾಗಿರುವ ಒಂದು ಪಾಮ್ ಅವರ ಅಂಗಳದಲ್ಲಿತ್ತು. ಗರಿಗಳೆಲ್ಲ ಚೆಂದಾಗಿ ಬಾಗಿವೆ, ನಡುವಿನದು ಒಂದು ಮಾತ್ರ ಹಟಮಾರಿ ಹುಡುಗನ ಹಾಗೆ ನಿಂತಿದೆ, ತೆಗೆದುಬಿಡು ಅಂದರು ಮೇಷ್ಟ್ರು. ನನಗೂ ಹಾಗೇ ಅನ್ನಿಸಿತು. ದಾಸವಾಳದ ತಲೆ ಕತ್ತರಿಸಿದರೆ ನಾಲ್ಕು ಕವಲು ಬರುವುದನ್ನು ನೋಡಿದ್ದೆನಲ್ಲ. ಕುಡುಗೋಲು ತೆಗೆದು ಒಂದೇ ಏಟು. ಮೇಷ್ಟ್ರು ಶಭಾಷ್ ಅಂದರು, ಚಹಾ ಕೊಟ್ಟರು. ನಾನು ಬೀಗಿಕೊಂಡು ಬಂದೆ.

ಮೂರು ತಿಂಗಳಲ್ಲಿ ಗರಿ ಒಂದೊಂದಾಗಿ ಕೆಳಗೆ ಬಿದ್ದವು, ಹೊಸದು ಬರಲೇ ಇಲ್ಲ. ಮೇಸ್ತ್ರಿ ಬಂದು ನೆತ್ತಿ ನೋಡಿದ, ನನ್ನನ್ನು ನೋಡಿದ, ಮೇಷ್ಟ್ರ ಕಡೆ ತಿರುಗಿ ಗಂಭೀರವಾಗಿ ಮರಕ್ಕೆ ಕಣ್ಣು ಬಿದ್ದಿದೆ ಅಂದ. ಮೇಷ್ಟ್ರ ಹೆಂಡತಿ ಅವತ್ತೇ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿದರು. ಯಾವ ನೆರೆಯವರ ಕಣ್ಣು ಅಂತ ಮನೆಯಲ್ಲಿ ಚರ್ಚೆಯೂ ಆಯಿತಂತೆ. ವಾಪಸು ಬರುವಾಗ ಮೇಸ್ತ್ರಿ ಬೀಡಿ ಹಚ್ಚಿ ಒಂದೇ ಮಾತು ಹೇಳಿದ: "ಹಾಲವ್ವ, ನೀ ಕೊಯ್ದಿದ್ದು ಎಲೆ ಅಲ್ಲ, ಕುತ್ತಿಗೆ."

ಆ ಮೊಂಡು ಮರಕ್ಕೆ ವರ್ಷವಿಡೀ ಅಮಾವಾಸ್ಯೆಗೊಂದು ನಿಂಬೆಹಣ್ಣು ಕಟ್ಟುತ್ತಿದ್ದರು. ನಾನು ಆ ಬೀದಿಯಲ್ಲಿ ಹೋಗುವಾಗ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆ. ಕಣ್ಣು ಹಾಕಿದ ನೆರೆಯವರು ಯಾರೂ ಇರಲಿಲ್ಲ, ಕುಡುಗೋಲು ಹಾಕಿದವಳು ನಾನು ಅಂತ ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ದಾವಣಗೆರೆಯ ಎಸ್.ಎಸ್. ಬಡಾವಣೆಗೆ ನಾನು ಹೋದದ್ದು ಆಮೇಲೆ. ಅಕ್ಕಿ ಗಿರಣಿಯ ಸಾಹುಕಾರರು ಶೇಖರಪ್ಪನವರು ನರ್ಸರಿಗೆ ಬಂದು, ದೊಡ್ಡ ಮನೆ ಕಟ್ಟಿಸಿದ್ದೇನೆ, ತೋಟ ನೋಡಿಕೊಳ್ಳಲು ಯಾರಾದರೂ ಬೇಕು ಅಂದರು. ಮೇಸ್ತ್ರಿ ನನ್ನನ್ನು ತೋರಿಸಿದ. ಅವತ್ತಿನಿಂದ ಮಂಡಿ ಬಗ್ಗುವುದು ನಿಲ್ಲಿಸುವ ತನಕ ಹರಿಹರದಿಂದ ಬಸ್ಸು ಹಿಡಿದು ಅವರ ಮನೆಗೇ ಹೋದೆ.

ಸಾಹುಕಾರರು ಭದ್ರಾ ಕಾಲುವೆ ಕೆಳಗಿನ ಹಳ್ಳಿಯವರು. ಭತ್ತದಲ್ಲೇ ಹುಟ್ಟಿ, ಭತ್ತದಲ್ಲೇ ಬೆಳೆದು, ಭತ್ತ ಕುಟ್ಟಿಸಿಯೇ ದೊಡ್ಡವರಾದವರು. ಲೋಕದ ಎಲ್ಲ ಹಸಿರೂ ಅವರಿಗೆ ಭತ್ತವೇ. ಬೆಳಿಗ್ಗೆ ಲುಂಗಿ ಎತ್ತಿ ಕಟ್ಟಿ, ಪೈಪು ಹಿಡಿದು, ಪಾಮ್ ಗಿಡಗಳ ಬುಡಕ್ಕೆ ಬದು ಕಟ್ಟಿ ನೀರು ನಿಲ್ಲಿಸುತ್ತಿದ್ದರು. ಈ ಗಿಡ ಗಟ್ಟಿ ಜೀವದ್ದು, ಒಂದು ಸಲ ಬೇರು ಹಿಡಿದ ಮೇಲೆ ಬಾಯಾರಿದ ಮೇಲೆಯೇ ಕುಡಿಯಬೇಕು, ನಿಂತ ನೀರಿನಲ್ಲಿ ಬೇರಿಗೆ ಉಸಿರು ಕಟ್ಟುತ್ತದೆ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. "ನೀರು ಹೆಚ್ಚಾಗಿ ಸತ್ತಿದ್ದು ಯಾವುದೈತೆ ಹಾಲಮ್ಮ? ಮನುಷ್ಯಾನಾ, ದನಾನಾ?" ಅಂತ ನನ್ನನ್ನೇ ಕೇಳುತ್ತಿದ್ದರು. ಗರಿ ಹಳದಿಯಾದವು. ಹಳದಿಯಾಗಿದ್ದು ನೋಡಿ ನೀರು ಸಾಲದು ಅಂತ ಇನ್ನಷ್ಟು ಬಿಟ್ಟರು. ಬುಡದಲ್ಲಿ ಅಣಬೆ ಎದ್ದವು. ಅಣಬೆ ನೋಡಿ ಭೂಮಿ ಫಲವತ್ತಾಗಿದೆ ಅಂತ ಖುಷಿಪಟ್ಟರು.

ವಾದ ಮಾಡಿದರೆ ಪ್ರಯೋಜನವಿಲ್ಲ ಅಂತ ನಾನು ಬದುವಿನ ಹಿಂದೆ ಕಾಣದ ಹಾಗೆ ಒಂದು ತೂತು ಮಾಡಿ, ಸಣ್ಣ ಕಾಲುವೆ ತೋಡಿ ನೀರನ್ನೆಲ್ಲ ಹಿಂದಿನ ಸೀಬೆ ಗಿಡಕ್ಕೆ ಹಾಯಿಸಿದೆ. ಪಾಮ್ ಹಸಿರಾಯಿತು, ಸೀಬೆ ಗೊಂಚಲು ಗೊಂಚಲು ಬಿಟ್ಟಿತು. ಸಾಹುಕಾರರು ಬಂದವರಿಗೆಲ್ಲ ಸೀಬೆಹಣ್ಣು ಕೊಟ್ಟು, ಎಲ್ಲಾ ನೀರಿನ ಗುಣ ಅನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಹೊಸಬರೇ, ಯಜಮಾನರ ಜೊತೆ ವಾದ ಗೆಲ್ಲುವುದಕ್ಕಿಂತ ಒಂದು ತೂತು ತೋಡುವುದು ಸುಲಭ, ಇದನ್ನು ನಿಮ್ಮ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ.

ಅವರ ಮನೆಯವರು ವಿಮಲಮ್ಮನವರು ಇನ್ನೊಂದು ಥರ. ಅವರಿಗೆ ಗಿಡ ಅಂದರೆ ಅಲಂಕಾರ. ಹಬ್ಬ ಬಂದರೆ ಪಾಮ್ ಮರಕ್ಕೂ ಕಟಿಂಗ್ ಆಗಬೇಕು, ಹಸಿರು ಗರಿಗಳನ್ನೆಲ್ಲ ತೆಗೆಸಿ ನೆತ್ತಿಯಲ್ಲಿ ನಾಲ್ಕು ಉಳಿಸಬೇಕು. ಹಸಿರು ಗರಿ ಅದರ ಊಟದ ತಟ್ಟೆ ಅಮ್ಮಾರೆ, ಒಣಗಿದ್ದು ಮಾತ್ರ ತೆಗೆಯಬೇಕು ಅಂತ ತಡೆದೆ. ಹಾಗಾದರೆ ಕಾಂಡಕ್ಕಾದರೂ ಬಣ್ಣ ಅಂದರು. ಕೆಮ್ಮಣ್ಣು ಸುಣ್ಣ ಪಟ್ಟೆ ಪಟ್ಟೆಯಾಗಿ ಬಳಿದೆ, ತಪಾಸಣೆ ಗೇಟಿನ ಕಂಬದ ಹಾಗೆ ಕಂಡಿತು. ದೀಪಾವಳಿಗೆ ಸೀರಿಯಲ್ ಲೈಟು ಬೇಕು ಅಂತ ಎಲೆಕ್ಟ್ರಿಕ್ ಕೆಲಸದವನು ಕಾಂಡಕ್ಕೆ ಮೊಳೆ ಹೊಡೆದ. ಬೇರೆ ಮರಕ್ಕೆ ತೊಗಟೆ ಕೂಡಿಕೊಂಡು ಗಾಯ ಮಾಯುತ್ತದೆ. ಇದಕ್ಕೆ ಆದ ಗಾಯ ಸಾಯುವ ತನಕ ಹಾಗೇ ಇರುತ್ತದೆ. ಆ ಮೊಳೆಯ ತೂತುಗಳು ಇವತ್ತಿಗೂ ಇವೆ, ಹೋದರೆ ನೋಡಿ.

ಈಗ ಈಚಲಿನ ಕಥೆಗೆ ಬರುತ್ತೇನೆ, ಇವತ್ತಿನ ಸಂತೋಷದ ಬೇರು ಅಲ್ಲೇ ಇದೆ.

ಒಂದು ಸಲ ತವರಿಗೆ ಹೋದಾಗ ಮಾಯಕೊಂಡದ ಹಳ್ಳದ ದಂಡೆಯಿಂದ ಮೊಣಕಾಲುದ್ದದ ಈಚಲು ಸಸಿ ಒಂದನ್ನು ಬೇರು ಸಮೇತ ಕಿತ್ತು ತಂದೆ. ಬಿಸಿಲಿಗೆ ಬಗ್ಗುವುದಿಲ್ಲ, ಚಳಿಗೆ ಕುಗ್ಗುವುದಿಲ್ಲ, ಯಾರೂ ನೀರು ಹಾಕದಿದ್ದರೂ ಬದುಕುವ ಗಿಡ. ಗೇಟಿನ ಪಕ್ಕದ ಕಲ್ಲು ನೆಲಕ್ಕೆ ಇದೇ ಸರಿ ಅನ್ನಿಸಿತ್ತು. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ. ಗರಿಯ ಬುಡದಲ್ಲೆಲ್ಲ ಸೂಜಿಯಂಥ ಮುಳ್ಳು. ಅಷ್ಟು ತುಂಬಿದ ಬಸ್ಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ, ಮಹಾರಾಣಿಯ ಹಾಗೆ ಪೂರಾ ಸೀಟಿನಲ್ಲಿ ಬಂದೆ.

ಗೇಟಿನ ಹತ್ತಿರ ಗುಂಡಿ ತೋಡುತ್ತಿದ್ದಾಗ ಸಾಹುಕಾರರು ಬಂದರು. ಏನದು ಅಂದರು. ಈಚಲು ಅಂದೆ. ಅವರ ಮುಖ ಹುಳಿಯಾಯಿತು.

"ಹೆಂಡದ ಮರ ತಂದು ಮನೀ ಮುಂದೆ ನೆಡ್ತೀಯಲ್ಲ, ಬೀಗರು ಬಂದ್ರೆ ಏನಂತಾರೆ? ಇಲ್ಲಿ ಅಂಗಡಿ ಇಟ್ಟಾರೆ ಅಂತಾರೆ. ಬ್ಯಾಡ, ತಗದ್ ಒಗಿ."

ಒಗೆದೆ. ಒಗೆದೆ ಅಂದರೆ ಹರಿಹರಕ್ಕೆ ಒಯ್ದು ನಮ್ಮ ಹಿತ್ತಲಲ್ಲಿ ನೆಟ್ಟೆ. ಅದು ಈಗಲೂ ಇದೆ, ಅದರ ಗರಿಯಲ್ಲೇ ನಾನು ಪೊರಕೆ ಕಟ್ಟುವುದು.

ಅದಾಗಿ ಮುಂದಿನ ವರ್ಷ ಮನೆ ಮುಂದೆ ಒಂದು ದಿನ ಲಾರಿ ಬಂತು, ಹಿಂದೆ ಕ್ರೇನು ಬಂತು. ಯಾವುದೋ ದೊಡ್ಡ ಊರಿನ ನರ್ಸರಿಯಿಂದ ಆಳೆತ್ತರದ ಮರ ಬಂದಿತ್ತು, ಬುಡಕ್ಕೆ ಗೋಣಿ ಸುತ್ತಿ, ಕೊರಳಿಗೆ ಚೀಟಿ ಕಟ್ಟಿದ್ದರು. ಸಿಲ್ವರ್ ಡೇಟ್ ಪಾಮ್ ಅಂತೆ. ಸಾಹುಕಾರರು ಆ ಹೆಸರನ್ನು ಮೂರು ಸಲ ಹೇಳಿದರು. ವಿಮಲಮ್ಮನವರು ಆರತಿ ಎತ್ತಿದರು, ಕಾಯಿ ಒಡೆದರು. ಗೇಟಿನ ಪಕ್ಕ ನನ್ನ ಸಸಿಗೆ ತೋಡಿದ್ದ ಜಾಗದಲ್ಲೇ ಮರ ಇಳಿಯಿತು. ನಾನು ಹತ್ತಿರ ಹೋಗಿ ಗರಿಯ ಬುಡ ಮುಟ್ಟಿದೆ. ಮುಳ್ಳು ಚುಚ್ಚಿತು. ಬೂದು ಬಣ್ಣದ ಅದೇ ಗರಿ, ಅದೇ ಮುಳ್ಳು, ಕಾಂಡದ ಮೇಲೆ ಗರಿ ಉದುರಿದ ಅದೇ ಹರಳು ಹರಳು ಗುರುತು. ನಮ್ಮ ಹಳ್ಳದ ಈಚಲೇ, ಸ್ನಾನ ಮಾಡಿಸಿ, ತಲೆ ಬಾಚಿ, ಹೆಸರು ಬದಲಾಯಿಸಿ ಕಳಿಸಿದ್ದರು.

ನಾನು ಬಾಯಿ ಬಿಡಲಿಲ್ಲ. ಕೆಲಸ ಹೋಗುತ್ತದೆ ಅನ್ನುವ ಭಯ ಒಂದು ಕಡೆ. ನಿಜ ಹೇಳಬೇಕೆಂದರೆ ಇನ್ನೊಂದು ಕಡೆ ಬೀಗರು ಬಂದಾಗಲೆಲ್ಲ ಸಾಹುಕಾರರು ಅವರನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಸುವುದನ್ನು ನೋಡುವ ಸುಖ. ಆ ಸುಖವನ್ನು ಹನ್ನೆರಡು ವರ್ಷ ಅನುಭವಿಸಿದ್ದೇನೆ. ವಿಮಲಮ್ಮನವರು ಮಾತ್ರ ಹೆಸರಿನ ಡೇಟ್ ನಂಬಿ ಖರ್ಜೂರಕ್ಕೆ ಕಾದರು. ಹೂವು ಬಂತು, ಉದುರಿತು, ಕಾಯಿ ಇಲ್ಲ. ಈ ಮರದಲ್ಲಿ ಗಂಡು ಬೇರೆ ಹೆಣ್ಣು ಬೇರೆ ಅಮ್ಮಾರೆ, ಇದು ಗಂಡು ಅಂತ ಹೇಳಿದೆ. ಅವರು ಮರವನ್ನು ಬುಡದಿಂದ ನೆತ್ತಿಯ ತನಕ ನೋಡಿದರು. "ನಮ್ಮನೀ ಗಂಡಸರ ಹಂಗೇ ಅನ್ನು. ಎತ್ತರಕ್ಕೆ ನಿಲ್ಲೋದೊಂದು ಗೊತ್ತೈತೆ" ಅಂದು ಒಳಗೆ ಹೋದರು. ಅವತ್ತಿನಿಂದ ಅವರ ಮೇಲೆ ನನಗೆ ಗೌರವ ಹೆಚ್ಚಾಯಿತು.

ಹೋದ ವರ್ಷ ಒಂದು ದಿನ ಕಳೆ ಕೀಳಲು ಕೂತವಳಿಗೆ ಏಳಲು ಆಗಲಿಲ್ಲ. ನಮ್ಮ ಕೆಲಸದಲ್ಲಿ ಹಾರ ಶಾಲು ಭಾಷಣ ಇಲ್ಲ. ಮಂಡಿ ಒಪ್ಪಲಿಲ್ಲ, ಅದೇ ನನ್ನ ನಿವೃತ್ತಿ. ಆ ಜಾಗಕ್ಕೆ ರೂಪಾಳನ್ನು ಇಟ್ಟುಕೊಳ್ಳಿ ಅಂತ ಸಾಹುಕಾರರನ್ನು ಕೇಳಿದೆ. ಎರಡು ವರ್ಷ ತೋಟಗಾರಿಕೆ ಓದಿಕೊಂಡು ಬಂದಿದ್ದಳು. ಸಾಹುಕಾರರು ಅವಳನ್ನು ಮೇಲಿಂದ ಕೆಳಗೆ ನೋಡಿ, ಜೀನ್ಸ್ ಪ್ಯಾಂಟ್ ಹಾಕಿಕೊಂಡು ಗೊಬ್ಬರ ಹೊರುತ್ತಾಳಾ ಅಂತ ನನ್ನನ್ನು ಕೇಳಿದರು. ಅವಳೇ ಉತ್ತರ ಕೊಟ್ಟಳು, ಸೀರೆಗಿಂತ ಅನುಕೂಲ ಸಾರ್ ಅಂತ.

ಈ ಯುಗಾದಿಯ ಹೊತ್ತಿಗೆ ಮನೆಗೆ ಇನ್ನೊಂದು ಕಾರು ಬರುವುದಿತ್ತು. ಗೇಟಿನಲ್ಲಿ ತಿರುಗಲು ಜಾಗ ಸಾಲದು, ಪಾಮ್ ಮರ ಪಕ್ಕದ ಮೂಲೆಗೆ ಹೋಗಲಿ ಅಂತ ತೀರ್ಮಾನವಾಯಿತು. ರೂಪಾ ಬೇಡಿಕೊಂಡಳು. ಬೇರು ಕಡಿದ ಮರ ಬೇಸಿಗೆಯಲ್ಲಿ ತಡೆಯುವುದಿಲ್ಲ, ಮುಂಗಾರು ಹನಿದ ಮೇಲೆ ಸರಿಸೋಣ ಅಂದಳು. ಕಾರು ಮುಂಗಾರಿಗೆ ಕಾಯುತ್ತದೆಯೇ. ಕ್ರೇನು ಬಂತು, ಮರ ಎದ್ದಿತು, ಮೂಲೆಗೆ ಕೂತಿತು. ಹದಿನೈದು ದಿನದಲ್ಲಿ ಗರಿಗಳು ಒಣ ಹುಲ್ಲಿನ ಬಣ್ಣಕ್ಕೆ ತಿರುಗಿದವು.

ಆಗ ಬಂದ ಕಂಪನಿಯವನು. ತೋಟ ಮಾಡಿಕೊಡುವ ಯಾವುದೋ ಕಂಪನಿ, ಎದೆಯ ಮೇಲೆ ಎಲೆಯ ಚಿತ್ರ ಇರುವ ಬನಿಯನ್, ಕಪ್ಪು ಕನ್ನಡಕ. ಸರಸ್ವತಿ ನಗರದಲ್ಲಿ ಒಂದು ಮನೆಗೆ ಅವನು ಪ್ಲಾಸ್ಟಿಕ್ ಪಾಮ್ ಹಾಕಿಕೊಟ್ಟಿದ್ದಾನೆ, ನಾನೇ ನೋಡಿದ್ದೇನೆ. ಆ ಮನೆಯಾಕೆ ಶನಿವಾರಕ್ಕೊಮ್ಮೆ ಅದಕ್ಕೆ ಸೋಪು ಹಚ್ಚಿ ತಲೆಗೆ ನೀರು ಹಾಕುತ್ತಾಳೆ. ಒಂದು ಕಾಗೆ ಬಂದು ಕೂತಿತು, ಸುತ್ತ ನೋಡಿತು, ಅವಮಾನವಾದ ಹಾಗೆ ಎದ್ದು ಹೋಯಿತು. ಅಂಥವನು ಬಂದು ನಮ್ಮ ಮರವನ್ನು ಬೆರಳಿನಿಂದ ಎರಡು ಸಲ ತಟ್ಟಿ, ಸತ್ತಿದೆ ಸಾರ್, ಹೊಸದು ಹಾಕೋಣ, ತಿಂಗಳ ಲೆಕ್ಕದಲ್ಲಿ ಇಡೀ ತೋಟ ನಾವೇ ನೋಡಿಕೊಳ್ಳುತ್ತೇವೆ ಅಂದ.

ಸಾಹುಕಾರರು ರೂಪಾಳನ್ನು ಕರೆದರು. "ಶ್ರಾವಣ ಮುಗಿಯೋದ್ರೊಳಗೆ ಇದಕ್ಕೆ ಜೀವ ಐತೆ ಅಂತ ತೋರ್ಸು. ಇಲ್ಲಾಂದ್ರೆ ಮರಾನೂ ತಗಸ್ತೀನಿ, ತೋಟಾನೂ ಅವರಿಗೆ ಕೊಡ್ತೀನಿ" ಅಂದರು.

ಅವಳಿಗಿದು ಮೊದಲ ನೌಕರಿ. ಮರ ಸಾಯಿಸಿದ ಹುಡುಗಿ ಅನ್ನುವ ಹೆಸರು ಬಂದರೆ ಆ ಬಡಾವಣೆಯಲ್ಲಿ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಅರ್ಧ ದಿನದಲ್ಲಿ ಸುದ್ದಿ ಹೋಗುತ್ತದೆ, ಆಮೇಲೆ ಯಾವ ಮನೆಯವರೂ ಗುದ್ದಲಿ ಹಿಡಿಯಲು ಬಿಡುವುದಿಲ್ಲ. ಕ್ರೇನು ತರಿಸಿದವರ ಹೆಸರು ಯಾರೂ ಹೇಳುವುದಿಲ್ಲ.

ರೂಪಾ ಒಣಗಿದ ಗರಿ ತೆಗೆದಳು, ಉಳಿದವನ್ನು ಮೇಲಕ್ಕೆ ಎತ್ತಿ ಸುಳಿಯ ಸುತ್ತ ಸಡಿಲವಾಗಿ ಗೋಣಿದಾರದಲ್ಲಿ ಕಟ್ಟಿದಳು. ಕ್ರೇನಿನವರು ಹಳೆಯ ಗುರುತಿಗಿಂತ ಒಂದು ಗೇಣು ಆಳಕ್ಕೆ ಹೂತಿದ್ದರು, ಆ ಮಣ್ಣು ತೆಗೆದಳು. ಸುತ್ತ ಮರಳು ತುಂಬಿ ನೀರು ಇಂಗುವಂತೆ ಮಾಡಿದಳು. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಗೊಬ್ಬರ ಒಂದು ಚಿಟಿಕೆಯೂ ಇಲ್ಲ.

ನನಗೆ ತಡೆಯಲಿಲ್ಲ. ನಮ್ಮ ಕಾಲದಲ್ಲಿ ಕಿತ್ತು ನೆಟ್ಟ ಗಿಡಕ್ಕೆ ಸೆಗಣಿ ನೀರು ಹಾಕದೆ ಬಿಟ್ಟವರುಂಟೇ. ರಾತ್ರಿ ಹಗಲು ಹೇಳಿದೆ. ಬಾಣಂತಿಯನ್ನು ಉಪವಾಸ ಕೆಡವಿದ ಹಾಗಾಯಿತು ಅಂದೆ. ಅವಳು ಬೇರಿಗೆ ಗಾಯ ಆಗಿದೆ ಅಜ್ಜಿ, ಈಗ ಗೊಬ್ಬರ ಸುಡುತ್ತದೆ ಅಂದಳು. ಗೆರೆ ಎಳೆದು ಮೂರು ವಾರವಾದರೂ ಕದಲಲಿಲ್ಲ. ಒಂದು ಭಾನುವಾರ, ಅವಳಿಗೆ ರಜ, ನಾನು ದೇವಸ್ಥಾನಕ್ಕೆ ಹೋಗಿ ಬರುತ್ತೇನೆ ಅಂತ ಮಗ ಮಂಜನಿಗೆ ಸುಳ್ಳು ಹೇಳಿ, ಮಂಡಿಗೆ ಪಟ್ಟಿ ಬಿಗಿದು, ಬಸ್ಸು ಹತ್ತಿ ದಾವಣಗೆರೆಗೆ ಹೋದೆ. ಹಿಂದಿನ ಬೀದಿಯ ಎಮ್ಮೆ ಕೊಟ್ಟಿಗೆಯಿಂದ ಹಸಿ ಸೆಗಣಿ ತಂದು ಎರಡು ಬಕೆಟ್ಟು ಗಟ್ಟಿಯಾಗಿ ಕಲಸಿ ಬುಡಕ್ಕೆ ಸುರಿದು, ಮೇಲೆ ಮರಳು ಮುಚ್ಚಿ, ಏನೂ ಗೊತ್ತಿಲ್ಲದವಳ ಹಾಗೆ ಬಂದು ಮನೆಯಲ್ಲಿ ಮಲಗಿದೆ.

ಸೋಮವಾರ ಅವಳು ಹೋದವಳೇ ಮೂಸಿ ನೋಡಿದಳಂತೆ. ಮರಳಿನ ಮೇಲೆ ಒಂದು ಕಾಲು ಎಳೆದು ನಡೆದ ಹೆಜ್ಜೆ ಇತ್ತಂತೆ. ಆ ಹೆಜ್ಜೆ ಇಡೀ ಜಿಲ್ಲೆಯಲ್ಲಿ ನನ್ನದೊಂದೇ. ಇಡೀ ದಿನ ಕೂತು ಬರಿಗೈಯಲ್ಲಿ ಆ ಸೆಗಣಿಯನ್ನೆಲ್ಲ ತೋಡಿ ಹೊರಗೆ ಹಾಕಿ ಹೊಸ ಮರಳು ತುಂಬಿದ್ದಳು. ಸಂಜೆ ಉಗುರಿನ ಸಂದಿಯಲ್ಲಿ ಸೆಗಣಿ, ಕೈ ತುಂಬ ಮುಳ್ಳಿನ ಗೀರು ಇಟ್ಟುಕೊಂಡು ಬಂದು ನನ್ನೆದುರು ನಿಂತಳು.

"ಅಜ್ಜಿ, ಸಾಹುಕಾರ್ರು ಭತ್ತದ ನೀರು ಹಾಕಿದ್ರು ಅಂತ ನಗ್ತೀಯಲ್ಲ, ನೀ ಹಾಕಿದ್ದು ಏನು?"

ಇಪ್ಪತ್ತು ವರ್ಷ ಅವರನ್ನು ಆಡಿಕೊಂಡು ಸೀಬೆ ಗಿಡಕ್ಕೆ ಕಾಲುವೆ ತೋಡಿದವಳು ನಾನು. ಅವರಿಗೆ ಲೋಕವೆಲ್ಲ ಭತ್ತ, ನನಗೆ ಲೋಕವೆಲ್ಲ ಸೆಗಣಿ. ಅವತ್ತಿನಿಂದ ಅವಳು ನನ್ನ ಪಕ್ಕ ಊಟಕ್ಕೆ ಕೂರುವುದನ್ನು ಬಿಟ್ಟಳು. ತಟ್ಟೆ ತೆಗೆದುಕೊಂಡು ಹೊರಗಿನ ಕಟ್ಟೆಗೆ ಹೋಗಿ ಉಣ್ಣುತ್ತಿದ್ದಳು. ಮಾತಾಡಿದರೆ ಉತ್ತರ ಕೊಡುವಳು, ಬೈಯುವುದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರ ಸತ್ತರೆ ನನ್ನಿಂದಲೇ ಸತ್ತ ಹಾಗೆ, ಮೇಷ್ಟ್ರ ಮನೆಯ ಮರದ ಹಾಗೆ. ಈ ಸಲ ಕಣ್ಣು ಬಿದ್ದಿದೆ ಅಂತ ಹೇಳಲು ಬಸಪ್ಪ ಮೇಸ್ತ್ರಿಯೂ ಇಲ್ಲ.

ಒಂದೂವರೆ ತಿಂಗಳು ನಾನು ಅವಳು ಬಂದ ತಕ್ಷಣ ಮುಖ ನೋಡುವುದು, ಅವಳು ಇಲ್ಲ ಅಂತ ತಲೆ ಆಡಿಸುವುದು. ಇವತ್ತು ಶ್ರಾವಣದ ಕಡೇ ಸೋಮವಾರ.

ಸಂಜೆ ಏಳಕ್ಕೆ ಅವಳು ಮನೆಗೆ ಬಂದಾಗ ಸೊಸೆ ಶಾಂತಾ ಹೋಳಿಗೆ ಬೇಯಿಸುತ್ತಿದ್ದಳು. ಕಟ್ಟಿನ ಸಾರು ಕುದಿಯುತ್ತಿತ್ತು. ಮಂಜ ತನ್ನ ಲಗೇಜ್ ಆಟೋ ಬೇಗ ನಿಲ್ಲಿಸಿ ಬರುವಾಗ ಮಿರ್ಚಿ, ಮಂಡಕ್ಕಿ ತಂದಿದ್ದ, ಹೋಳಿಗೆಗೂ ಮಿರ್ಚಿಗೂ ಏನು ಸಂಬಂಧ ಅಂತ ಶಾಂತಾಳಿಂದ ಬೈಸಿಕೊಂಡ. ನಾನು ಅಟ್ಟದಿಂದ ಹಳೇ ಚಾಪೆ ಇಳಿಸಿ ನಡುಮನೆಗೆ ಹಾಸಿದೆ. ನಮ್ಮವ್ವ ಮಾಯಕೊಂಡದಲ್ಲಿ ಕೈಯಾರೆ ಹೆಣೆದ ಈಚಲು ಚಾಪೆ, ಅಂಚು ಸವೆದಿದೆ, ನಡು ಗಟ್ಟಿಯಾಗಿದೆ.

ಎಲ್ಲರೂ ಕೂತ ಮೇಲೆ ಸಾಹುಕಾರರು ಏನಂದರು ಅಂತ ಮಂಜ ಕೇಳಿದ. ರೂಪಾ ನಿಂತುಕೊಂಡೇ ಹೇಳಿದಳು. ಅವರು ತಾವೇ ಏಣಿ ಹತ್ತಿ ಗೆರೆ ನೋಡಿದರಂತೆ, ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ನೋಡಿದರಂತೆ. ಕಂಪನಿಯವನಿಗೆ ಅಲ್ಲೇ ಫೋನು ಮಾಡಿ ಬರಬೇಡ ಅಂದರಂತೆ. ಆಮೇಲೆ ಇಷ್ಟು ಬಿಸಿಲಲ್ಲಿ ಕಿತ್ತರೂ ಹೆಂಗೆ ಬದುಕಿತು ಅಂತ ಕೇಳಿದರಂತೆ.

"ನಾ ಹೇಳ್ಬಿಟ್ಟೆ ಅಜ್ಜಿ. ಇದು ಈಚಲು ಸಾರ್, ಹಳ್ಳದ ದಂಡೆ ಗಿಡ, ಅದಕ್ಕೇ ಬದುಕೈತೆ ಅಂತ."

ಹನ್ನೆರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಈ ಹುಡುಗಿ ಏಣಿಯ ಕೆಳಗೆ ನಿಂತು ಒಂದೇ ಉಸಿರಿಗೆ ಹೇಳಿ ಬಂದಿದ್ದಾಳೆ. ತುತ್ತು ತಟ್ಟೆಗೆ ಇಳಿಸಿ, ಏನಂದರು ಅಂತ ಕೇಳಿದೆ.

"ಆ ಕಡೆ ಈ ಕಡೆ ನೋಡಿ, ಮೆಲ್ಲಗೆ ಮಾತಾಡವ್ವ, ಪಕ್ಕದ ಮನೆಯವರಿಗೆ ಕೇಳ್ತದೆ ಅಂದ್ರು."

ಮಂಜ ನಕ್ಕು ಕೆಮ್ಮಿದ. ಶಾಂತಾ ಒಲೆಯ ಮುಂದಿನಿಂದ ಸೌಟು ಹಿಡಿದುಕೊಂಡೇ ಬಂದು ನಕ್ಕಳು. ನನಗೆ ನಗುವೋ ಅಳುವೋ ತಿಳಿಯದೆ ಚಾಪೆಯ ಅಂಚು ಸವರುತ್ತಾ ಕೂತೆ. ಎರಡು ಬೆರಳಿಗೆ ಇಷ್ಟೊಂದು ಹೋಳಿಗೆಯಾ ಅಂತ ಮಂಜ ಕೇಳಿದ್ದಕ್ಕೆ ಶಾಂತಾ, ನೀನು ಹುಟ್ಟಿದಾಗ ಎಷ್ಟು ಉದ್ದ ಇದ್ದೆ ಅಂತ ನಿಮ್ಮವ್ವನ್ನ ಕೇಳು ಅಂದಳು.

ರೂಪಾ ತಟ್ಟೆ ತೆಗೆದುಕೊಂಡಳು. ಹೊರಗಿನ ಕಟ್ಟೆಯ ಕಡೆ ಹೋಗಲಿಲ್ಲ.

"ಸ್ವಲ್ಪ ಸರಿ ಅಜ್ಜಿ" ಅಂದಳು.

ಸರಿದೆ. ಅವಳು ಕೂತಳು. ಗೀರು ಮಾಯುತ್ತಿದ್ದ ಆ ಕೈಯಲ್ಲೇ ನನ್ನ ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ಸಾಕು ಅನ್ನುವ ತನಕ ಹಾಕಿದಳು, ನಾನು ಸಾಕು ಅನ್ನಲು ತಡ ಮಾಡಿದೆ.